ಗಂಡನ ಊರು ತೆಲಂಗಾಣ, ಕಾಲೇಜು ರಾಯಚೂರು

ಒಬ್ಬಳೇ ಮಗು ಸಾಕಿಕೊಂಡು, ಸ್ಕಾಲರ್‌ಶಿಪ್ ನಂಬಿ ನಿಮ್ಮ ರಾಯಚೂರು ಕಡೆ ಡಿಗ್ರಿ ಮುಗಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಾನು ಬಿಎ ಮುಗಿಸಿದ್ದು ಹಾಗೇ. ಆದರೆ ಬೆಂಗಳೂರಿನವರು ಅಂದುಕೊಂಡ ಹಾಗೆ ಇಲ್ಲಿ ದೊಡ್ಡ ತೊಡಕು ಫೀಸ್ ಅಲ್ಲ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಪರೀಕ್ಷೆ ಫೀಸ್, ಪುಸ್ತಕ ಹೇಗೋ ಹೊಂದಿಸಬಹುದು. ತೊಡಕು ಇರುವುದು ಕಾಗದದ ಪ್ರಕಾರ ನೀವು ಯಾವ ರಾಜ್ಯದವರು ಅನ್ನೋದರಲ್ಲಿ.

ನಮ್ಮಲ್ಲಿ ಮದುವೆಗೆ ಗಡಿ ಲೆಕ್ಕಕ್ಕಿಲ್ಲ. ತೆಲಂಗಾಣದ ಗದ್ವಾಲ, ಮಕ್ತಲ್, ಆಂಧ್ರದ ಆದೋನಿ ಕಡೆ ಹೆಣ್ಣು ಕೊಡುತ್ತೇವೆ, ತರುತ್ತೇವೆ. ಎಷ್ಟೋ ಮನೆಗಳಲ್ಲಿ ಅರ್ಧ ಮಾತು ತೆಲುಗು. ಪಿಯುಸಿ ಆದ ಮೇಲೆ ನನ್ನನ್ನೂ ಗದ್ವಾಲ ಕಡೆ ಕೊಟ್ಟರು. ಸಂಸಾರ ಮುರಿದು ಮಗಳನ್ನು ಕರಕೊಂಡು ತವರಿಗೆ ಬಂದಾಗ ಆಧಾರ್ ಕಾರ್ಡು ಕೈಯಲ್ಲಿತ್ತು, ಅದರ ಮೇಲಿನ ವಿಳಾಸ ಮಾತ್ರ ಅತ್ತೆ ಮನೆಯದು.

ಅದೊಂದರಿಂದ ಎಷ್ಟು ಕೆಲಸ ಕೆಡುತ್ತೆ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆದರೆ ಕರ್ನಾಟಕದ ವಿಳಾಸ ತೋರಿಸಬೇಕು. ಪಕ್ಕದಲ್ಲಿ ಕೂತ ಹುಡುಗಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ ನನ್ನ ಕಾರ್ಡು ನೋಡಿ, 'ನೀವು ಆ ಕಡೆಯವರು ಅದೀರಿ ಅಕ್ಕಾರ, ರೊಕ್ಕ ಕೊಡ್ರಿ' ಅಂದಿದ್ದ. ಅದೇ ಡಿಸೆಂಬರ್‌ನಲ್ಲಿ ತೆಲಂಗಾಣದಲ್ಲೂ ಫ್ರೀ ಆಯಿತು. ಎರಡೂ ಗಡಿ ತನಕ ಮಾತ್ರ. ನನ್ನ ಕಾಲೇಜು ಈ ಕಡೆ, ಫ್ರೀ ಪ್ರಯಾಣ ಆ ಕಡೆ!

ಆಮೇಲೆ ನಾಡಕಚೇರಿ. ಜಾತಿ ಸರ್ಟಿಫಿಕೇಟ್ ತಂದೆ ಕಡೆಯಿಂದ ಬರುತ್ತೆ, ಹಾಗಾಗಿ ಅದು ಸಲೀಸು. ಆದಾಯದ್ದೇ ಕಷ್ಟ. ಗಂಡ ತೀರಿಕೊಂಡಿದ್ದರೆ ಮರಣ ಪತ್ರ ಇರುತ್ತೆ, ಡೈವೋರ್ಸ್ ಆಗಿದ್ದರೆ ಕೋರ್ಟಿನ ಕಾಗದ ಇರುತ್ತೆ. ಸುಮ್ನೆ ಬಿಟ್ಟು ಬಂದವಳ ಹತ್ತಿರ ಏನಿರುತ್ತೆ? ನಾನು ಕಂಡವರಲ್ಲಿ ಜಾಸ್ತಿ ಇಂಥವರೇ. 'ಗಂಡನ ಆದಾಯ ಎಷ್ಟು?' ಅಂತ ಕೇಳಿದರೆ ಬಾಯಿ ಕಟ್ಟುತ್ತೆ. ಕೊನೆಗೆ ಊರ ಹಿರಿಯರ ಸಹಿ ಹಾಕಿಸಿ ಪಂಚನಾಮೆ ಮಾಡಿಸಿಕೊಟ್ಟೆವು.

ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಹಾಸ್ಟೆಲ್‌ನಲ್ಲಿ ಮಗುವನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಆಗಿಬರುವುದು ಹಾಸ್ಟೆಲ್ ಇಲ್ಲದವರಿಗೆ ಕೊಡುವ ವಿದ್ಯಾಸಿರಿ. ನಾನು ಓದುವಾಗ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಒಂದಿನ ಪೋರ್ಟಲ್‌ನಲ್ಲಿ ದುಡ್ಡು ಜಮಾ ಅಂತ ತೋರಿಸಿತು. ನನ್ನ ಪಾಸ್‌ಬುಕ್‌ನಲ್ಲಿ ಇಲ್ಲ. ಬ್ಯಾಂಕಿನವರು ನೋಡಿ ಹೇಳಿದ್ದು: ಈ ದುಡ್ಡು ಖಾತೆ ನಂಬರಿಗಲ್ಲ, ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತೆ. ನನ್ನ ಆಧಾರ್ ಜೋಡಣೆಯಾಗಿದ್ದು ಮದುವೆಯಾದ ಹೊಸದರಲ್ಲಿ ಗದ್ವಾಲದಲ್ಲಿ ತೆಗೆಸಿದ ಖಾತೆಗೆ. ಅದರ ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿ! ಅಪ್ಪ ಜೊತೆ ಬಂದು, ಅಲ್ಲಿನ ಬ್ಯಾಂಕಿನಲ್ಲೇ ಹೆಬ್ಬೆಟ್ಟು ಒತ್ತಿ ದುಡ್ಡು ಬಿಡಿಸಿಕೊಂಡೆ. ಅತ್ತೆ ಮನೆ ಬಾಗಿಲಿಗೆ ಹೋಗಲಿಲ್ಲ. ವಾಪಸ್ ಬಂದು ಇಲ್ಲಿನ ಖಾತೆಗೆ ಜೋಡಣೆ ಬದಲಿಸಿದೆ.

ದುಡ್ಡು ಬರುವುದಂತೂ ತಡ. ಅಲ್ಲಿ ತನಕ ಮಹಿಳಾ ಸಂಘದ ಸಾಲ. ಅದರ ಕಂತಿಗೂ ಸ್ಕಾಲರ್‌ಶಿಪ್ಪಿಗೂ ತಾಳಮೇಳ ಇರಲಿಲ್ಲ. ವಿದ್ಯಾಸಿರಿಯನ್ನು ಮನೆ ಖರ್ಚಿಗೆ ಲೆಕ್ಕ ಹಾಕಲೇಬೇಡಿ, ಬಂದಾಗ ಸಾಲ ತೀರಿಸೋಕೆ ಅಂತ ಇಟ್ಟುಕೊಳ್ಳಿ.

ಇನ್ನು ಮಗು. ಅಂಗನವಾಡಿ ಮುಗಿದರೂ ಕಾಲೇಜು ಮುಗಿದಿರುವುದಿಲ್ಲ. ಅವ್ವ ನೋಡಿಕೊಳ್ಳುತ್ತಿದ್ದಳು. ಆದರೆ ಚಳಿಗಾಲದಲ್ಲಿ ಹತ್ತಿ ಬಿಡಿಸುವ ಕೆಲಸ, ಸೆಮಿಸ್ಟರ್ ಪರೀಕ್ಷೆಯೂ ಆಗಲೇ. ಪರೀಕ್ಷೆ ಇದ್ದ ದಿನ ಅವ್ವ ಕೂಲಿ ಬಿಟ್ಟಳು. ಅದಕ್ಕೆ ಯಾವ ಪೋರ್ಟಲ್‌ನಲ್ಲೂ ಕಾಲಂ ಇಲ್ಲ. ಅವ್ವನೂ ಹೋಗಲೇಬೇಕಾದ ದಿನ ಮಗಳು ಕೊನೆ ಬೆಂಚಿನಲ್ಲಿ ಮಂಡಾಳು ತಿನ್ನುತ್ತಾ ಕೂರುತ್ತಿದ್ದಳು. ಇತಿಹಾಸದ ಮೇಡಂ ಅವಳ ಹಾಜರಿಯನ್ನೂ ಕೂಗುತ್ತಿದ್ದರು.

ನಿಮ್ಮ ಪರಿಚಯದವರು ಸೇರುವುದಾದರೆ ಅಡ್ಮಿಷನ್‌ಗೆ ಮೊದಲೇ ಆಧಾರ್ ವಿಳಾಸ ತವರಿಗೆ ಬದಲಿಸಲು ಹೇಳಿ. ಆಮೇಲೆ ಬ್ಯಾಂಕ್ ಜೋಡಣೆ, ಆಮೇಲೆ ಆದಾಯ ಪತ್ರ. ಹುಟ್ಟಿದ್ದು ಇಲ್ಲೇ ಆದರೆ 371ಜೆ ಸರ್ಟಿಫಿಕೇಟನ್ನೂ ಮಾಡಿಸಲಿ, ಅಂದರೆ ಸಂವಿಧಾನದ 371ಜೆ ವಿಧಿ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯರು ಅಂತ ತೋರಿಸುವ ಕಾಗದ. ನಮ್ಮ ಭಾಗದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೇ ಮೀಸಲು. ಡಿಗ್ರಿ ಮುಗಿದ ಮೇಲೆ ಮಾಡಿಸಿದರಾಯಿತು ಅಂತ ಬಿಡಬೇಡಿ. ಅರ್ಜಿ ಕರೆದಾಗ ನಾಡಕಚೇರಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ.