ಕ್ಲಾಸಿನ ಹೆಸರಿಗಲ್ಲ, ಸೀಟಿಗೆ ದುಡ್ಡು ಕೊಡಿ

ದೂರದ ವಿಮಾನಗಳ ಪ್ರೀಮಿಯಂ ಎಕಾನಮಿ, ಬಿಸಿನೆಸ್, ಫಸ್ಟ್ ಕ್ಲಾಸ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಆರಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಅಪ್ಪನಿಗೆ 71, ಅಮ್ಮನಿಗೆ 66. ಅಮ್ಮನ ಎರಡೂ ಮಂಡಿಗೆ ಕಳೆದ ವರ್ಷ ಆಪರೇಷನ್ ಆಗಿದೆ. ನನ್ನ ಬಾಣಂತನಕ್ಕೆಂದು ಇಬ್ಬರೂ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದಾರೆ. ಹೋಗಿಬರುವ ನಾಲ್ಕೂ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್ ಕೊಡಿಸುವ ಶಕ್ತಿ ನಮಗಿಲ್ಲ. ಪ್ರೀಮಿಯಂ ಎಕಾನಮಿ ಸಾಕೇ?
— ಓದುಗರು, ಸನ್ನಿವೇಲ್

ಉತ್ತರ: ನಾಲ್ಕೂ ಹಾರಾಟಕ್ಕೆ ಒಂದೇ ಕ್ಲಾಸ್ ಇರಬೇಕೆಂಬ ನಿಯಮವೇನೂ ಇಲ್ಲ. ರಾತ್ರಿ ಯಾವುದು, ಹಗಲು ಯಾವುದು ಎಂದು ಮೊದಲು ವಿಂಗಡಿಸಿ. ಫ್ರಾಂಕ್‌ಫರ್ಟ್ ದಾರಿಯನ್ನೇ ನೋಡಿ. ಬೆಂಗಳೂರಿನಿಂದ ವಿಮಾನ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಹಾರುವುದು ಸುಮಾರು 10 ಗಂಟೆ. ವಿಮಾನ ಹತ್ತುವ ಹೊತ್ತಿಗೇ ಹಿರಿಯರು ಮನೆ ಬಿಟ್ಟು ಆರೇಳು ಗಂಟೆಯಾಗಿರುತ್ತದೆ, ಕಣ್ಣಿಗೆ ನಿದ್ದೆ ಹತ್ತಿರುವುದಿಲ್ಲ. ಮಲಗುವ ಸೀಟು ಬೇಕಾಗುವುದು ಇಲ್ಲಿ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 11 ಗಂಟೆಗೂ ಮೇಲಾದರೂ ಇಡೀ ಪ್ರಯಾಣ ಹಗಲಿನಲ್ಲೇ. ಅದಕ್ಕೆ ಪ್ರೀಮಿಯಂ ಎಕಾನಮಿ ಸಾಕು. ವಾಪಸ್ ಬರುವಾಗ ಅಮೆರಿಕದಿಂದ ಯುರೋಪಿಗೆ ರಾತ್ರಿ, ಯುರೋಪಿನಿಂದ ಬೆಂಗಳೂರಿಗೆ ಹಗಲು. ಅಂದರೆ ನಾಲ್ಕರಲ್ಲಿ ಎರಡಕ್ಕೆ ಮಾತ್ರ ಬಿಸಿನೆಸ್. ಒಂದಕ್ಕಷ್ಟೇ ದುಡ್ಡು ಒದಗುವುದಾದರೆ ಬೆಂಗಳೂರು ಬಿಡುವ ಹಾರಾಟಕ್ಕೇ ಹಾಕಿ. ಬುಕ್ ಮಾಡುವಾಗ ‘ರೌಂಡ್ ಟ್ರಿಪ್’ ಬದಲು ‘ಮಲ್ಟಿ ಸಿಟಿ’ ಆರಿಸಿ, ಅಥವಾ ಏಜೆಂಟರಿಗೆ ಹಾರಾಟವಾರು ಕ್ಲಾಸ್ ಬರೆದುಕೊಡಿ. ನಾಲ್ಕೂ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ ಮಾಡಿಸಿ ಮೊದಲ ವಿಮಾನ ತಡವಾದರೆ, ಎರಡನೆಯದನ್ನು ಹತ್ತಿಸುವ ಹೊಣೆ ಯಾರದ್ದೂ ಆಗುವುದಿಲ್ಲ.

ದುಬೈ ದಾರಿಯಲ್ಲಿ ಲೆಕ್ಕ ಬೇರೆ. ಬೆಂಗಳೂರು–ದುಬೈ ಬರೀ ನಾಲ್ಕು ಗಂಟೆ, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 16 ಗಂಟೆ. ಮೊದಲ ತುಣುಕಿಗೆ ಹೆಚ್ಚು ಹಣ ಕೊಡುವುದು ದಂಡ. ಎಮಿರೇಟ್ಸ್‌ನ ಎರಡಂತಸ್ತಿನ ಎ380 ವಿಮಾನದಲ್ಲಿ ಪ್ರೀಮಿಯಂ ಎಕಾನಮಿ ಕೆಳ ಅಂತಸ್ತಿನ ಮುಂಭಾಗದಲ್ಲಿದೆ: 56 ಸೀಟು, 2-4-2 ಜೋಡಣೆ (ಒಂದು ಸಾಲಿನಲ್ಲಿ ಎರಡು ಸೀಟು, ದಾರಿ, ನಾಲ್ಕು ಸೀಟು, ದಾರಿ, ಎರಡು ಸೀಟು), ಸಾಲಿಂದ ಸಾಲಿಗೆ 40 ಇಂಚು. ಬೇರೆ ಸಂಸ್ಥೆಗಳಲ್ಲಿ ಈ ಅಂತರ ಸಾಮಾನ್ಯವಾಗಿ 38 ಇಂಚು, ಎಕಾನಮಿಯಲ್ಲಿ 31-32.

ಈಗ ಮಂಡಿಯ ವಿಷಯ. ಪ್ರೀಮಿಯಂ ಎಕಾನಮಿಯಲ್ಲಿ ಊಟದ ಟ್ರೇ ಆರ್ಮ್‌ರೆಸ್ಟ್ ಒಳಗೇ ಮಡಚಿಕೊಂಡಿರುವುದು ಹೆಚ್ಚು. ಅಂಥ ಆರ್ಮ್‌ರೆಸ್ಟ್ ಮೇಲಕ್ಕೆ ಏಳುವುದಿಲ್ಲ. ಪಕ್ಕಕ್ಕೆ ಜರುಗಿ ಏಳುವ ಅಭ್ಯಾಸದವರು ಇಲ್ಲಿ ಎರಡೂ ಕೈ ಊರಿ ನೇರವಾಗಿ ಏಳಬೇಕು. ಮುಂದಿನವರು ಸೀಟು ಪೂರ್ತಿ ಒರಗಿಸಿದರೆ ಅದು ಏಳೆಂಟು ಇಂಚು ಹಿಂದಕ್ಕೆ ಬರುತ್ತದೆ, ಕಿಟಕಿ ಕಡೆ ಕೂತವರು ಹೊರಬರುವುದೇ ಕಷ್ಟ. ಆದ್ದರಿಂದ ಪಕ್ಕದ ಜೋಡಿ ಸೀಟು ಹಿಡಿದು, ಅಮ್ಮನಿಗೆ ನಡೆದಾಡುವ ದಾರಿಯ ಪಕ್ಕದ ಐಲ್ ಸೀಟು, ಅಪ್ಪನಿಗೆ ಕಿಟಕಿ. ಮೊದಲ ಸಾಲಿನಲ್ಲಿ ಯಾರೂ ಮೇಲೆ ಒರಗುವುದಿಲ್ಲ ನಿಜ, ಆದರೆ ಎದುರಿನ ಗೋಡೆಯಿಂದಾಗಿ ಕಾಲು ಪೂರ್ತಿ ನೀಡಲಾಗುವುದಿಲ್ಲ. ಮಗುವಿನ ತೊಟ್ಟಿಲು ಕಟ್ಟುವುದೂ ಹೆಚ್ಚಾಗಿ ಅಲ್ಲೇ.

ಬಿಸಿನೆಸ್‌ನಲ್ಲಿ 2-2-2 ಜೋಡಣೆ ಸಿಕ್ಕರೆ ನಡುವಿನ ಜೋಡಿಯನ್ನೇ ಹಿಡಿಯಿರಿ. ಇಬ್ಬರಿಗೂ ತಂತಮ್ಮ ದಾರಿಯಿರುತ್ತದೆ, ಒಬ್ಬರನ್ನೊಬ್ಬರು ದಾಟಬೇಕಿಲ್ಲ, ಮಾತಿಗೂ ಹತ್ತಿರ. ಚಪ್ಪಟೆ ಹಾಸಿಗೆಯಿಂದ ಸೀದಾ ಏಳಲು ಹೋಗಬಾರದು. ಬಟನ್ ಒತ್ತಿ ಸೀಟನ್ನು ಪೂರ್ತಿ ಕೂರುವ ಸ್ಥಿತಿಗೆ ತಂದು, ಪಾದ ನೆಲಕ್ಕೆ ಊರಿದ ಮೇಲೆ ಏಳಲಿ. ಕೆಲವು ವಿಮಾನಗಳಲ್ಲಿ ಸೀಟು ಹಾಸಿಗೆಯಾಗಬೇಕಾದರೆ ಪ್ರಯಾಣಿಕರು ಎದ್ದು ನಿಲ್ಲಬೇಕು, ಬೆನ್ನಿನ ಭಾಗವನ್ನು ಸಿಬ್ಬಂದಿ ಮಗುಚುತ್ತಾರೆ. ಸಿಂಗಪುರ್ ಏರ್‌ಲೈನ್ಸ್‌ನ ದೂರದ ಎ350, ವರ್ಜಿನ್ ಅಟ್ಲಾಂಟಿಕ್‌ನ 787 ಈ ಬಗೆಯವು. ಹಾಸಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ರಾತ್ರಿ ಮೂರು ಸಲ ಏಳುವ ಮಂಡಿ ನೋವಿನವರಿಗೆ ನಾವು ಇದನ್ನು ಹೇಳುವುದಿಲ್ಲ.

ವ್ಹೀಲ್‌ಚೇರ್‌ಗೆ ಯಾವ ಕ್ಲಾಸಿನಲ್ಲೂ ಶುಲ್ಕವಿಲ್ಲ, ಬುಕ್ ಮಾಡುವಾಗಲೇ ಹೇಳಿ. ಮೆಟ್ಟಿಲು ಹತ್ತಲು ಆಗದಿದ್ದರೆ ಅದನ್ನೂ ಬಿಡಿಸಿ ಹೇಳಿ, ಏಕೆಂದರೆ ಸಂಕೇತ ಬೇರೆ. ದೂರ ಮಾತ್ರ ನಡೆಯಲಾರದವರಿಗೆ ‘ಆರ್’, ಮೆಟ್ಟಿಲೂ ಆಗದವರಿಗೆ ‘ಎಸ್’, ಸೀಟಿನವರೆಗೂ ಒಯ್ಯಬೇಕಾದವರಿಗೆ ‘ಸಿ’ ಎಂದು ಕೊನೆಯಾಗುವ ಸಂಕೇತ ಹಾಕುತ್ತಾರೆ.

ದರದಷ್ಟೇ ಗಮನ ಕೊಟ್ಟು ನೋಡಬೇಕಾದ್ದು ವಿಮಾನದ ಮಾದರಿ. ಹಳೆಯ ವಿನ್ಯಾಸದ ವಿಮಾನಗಳೊಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಊಟಿಗಿಂತ ಮೇಲೆ ಎಂದುಕೊಳ್ಳಿ. ಹೊಸ ವಿನ್ಯಾಸದ 787 ಮತ್ತು ಎ350ಗಳಲ್ಲಿ ಅದು ಸುಮಾರು 6,000 ಅಡಿ, ಮುಳ್ಳಯ್ಯನಗಿರಿಯ ತುದಿಗಿಂತ ತುಸು ಕೆಳಗೆ. ತೇವಾಂಶವೂ ಹೆಚ್ಚು. ಇಳಿದ ಮೇಲಿನ ತಲೆಭಾರ, ಗಂಟಲು ಒಣಗುವುದು ಹಿರಿಯರಲ್ಲಿ ಇದರಿಂದ ಕಡಿಮೆಯಾಗುತ್ತದೆ. ಮಲಗಿ ಹೋದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಪೂರ್ತಿ ಹೋಗುವುದಿಲ್ಲ. ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ, ಕಂಪ್ರೆಷನ್ ಸಾಕ್ಸ್ ಬೇಕೇ ಎಂದು ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ.

ಪ್ರಶ್ನೆ: ನನ್ನ ಎತ್ತರ 6 ಅಡಿ 2 ಇಂಚು. ಕಂಪನಿ ಬಿಸಿನೆಸ್ ಕ್ಲಾಸ್ ಕೊಡುತ್ತದೆ, ಸಂಸ್ಥೆಯನ್ನು ನಾನೇ ಆರಿಸಬಹುದು. ಎಲ್ಲರೂ ತಮ್ಮ ಸೀಟು ‘ಫುಲ್ ಫ್ಲಾಟ್’, ಪೂರ್ತಿ ಚಪ್ಪಟೆ ಹಾಸಿಗೆಯಾಗುತ್ತದೆ ಎನ್ನುತ್ತಾರೆ. ವ್ಯತ್ಯಾಸ ಹೇಗೆ ತಿಳಿಯುವುದು?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಸಿಗೆಯ ಉದ್ದದಿಂದ ತಿಳಿಯುವುದಿಲ್ಲ. ನೀವು 188 ಸೆಂಟಿಮೀಟರ್, ಈಗಿನ ಹಾಸಿಗೆಗಳು ಸಾಮಾನ್ಯವಾಗಿ 190ರಿಂದ 200. ಉದ್ದ ಸಾಕು, ಸಾಲದೆ ಬರುವುದು ಕಾಲಿನ ಕಡೆ. ಹೆಚ್ಚಿನ ಸೀಟುಗಳಲ್ಲಿ ನಿಮ್ಮ ಪಾದ ಮುಂದಿನವರ ಪಕ್ಕದ ಮೇಜಿನ ಕೆಳಗಿರುವ ಗೂಡಿನೊಳಕ್ಕೆ ಹೋಗುತ್ತದೆ. ತುದಿಗೆ ಹೋದಂತೆ ಗೂಡು ಕಿರಿದಾಗುತ್ತದೆ. ಅಂಗಾತ ಮಲಗಿದರೆ ಹೆಬ್ಬೆರಳು ಮೇಲಿನ ಹಲಗೆಗೆ ತಾಗುತ್ತದೆ, ಮಗ್ಗುಲಾದರೆ ಮಂಡಿ ಗೂಡಿನ ಅಂಚಿಗೆ ಬಡಿಯುತ್ತದೆ. ಪ್ರತಿ ಭಾಗದ ಮೊದಲ ಸಾಲಿನಲ್ಲಿ ಮುಂದೆ ಬೇರೆ ಸೀಟಿಲ್ಲದ ಕಾರಣ ಈ ಗೂಡು ಎಷ್ಟೋ ವಿಮಾನಗಳಲ್ಲಿ ಅಗಲವಾಗಿರುತ್ತದೆ. ಎತ್ತರದವರು ಮೊದಲು ನೋಡಬೇಕಾದ್ದು ಆ ಸಾಲನ್ನೇ, ಅಡುಗೆಕೋಣೆಯ ಸದ್ದು ತುಸು ಹೆಚ್ಚಿದ್ದರೂ ಸರಿ.

ಆಮೇಲೆ ಜೋಡಣೆ. 1-2-1 ಇದ್ದರೆ ಪ್ರತಿಯೊಬ್ಬರಿಗೂ ದಾರಿ ಸಿಗುತ್ತದೆ. 2-3-2 ಇದ್ದರೆ ನಡುವೆ ಸಿಕ್ಕಿಕೊಂಡವರು ಬಿಸಿನೆಸ್ ದುಡ್ಡು ಕೊಟ್ಟು ಎಕಾನಮಿಯ ನಡುಸೀಟಿನಲ್ಲಿ ಕೂತಂತೆ. ಒಂದೇ ಸಂಸ್ಥೆಯಲ್ಲೂ ಇದು ವಿಮಾನದಿಂದ ವಿಮಾನಕ್ಕೆ ಬದಲು: ಎಮಿರೇಟ್ಸ್ ಎ380ರ ಮೇಲಂತಸ್ತಿನಲ್ಲಿ 1-2-1, ನವೀಕರಣವಾಗದ 777ಗಳಲ್ಲಿ 2-3-2. ಬ್ರಿಟಿಷ್ ಏರ್‌ವೇಸ್‌ನಲ್ಲಿ 2019ರಲ್ಲಿ ಬಂದ ಬಾಗಿಲಿರುವ ಕ್ಲಬ್ ಸ್ವೀಟ್ ಒಂದು, ಅರ್ಧ ಜನ ಹಿಮ್ಮುಖವಾಗಿ ಕೂರುವ ಹಳೆಯ ಜೋಡಣೆ ಇನ್ನೊಂದು. ಕತಾರ್‌ನ ಬಾಗಿಲಿರುವ ಕ್ಯೂಸ್ವೀಟ್ ಸೀಟು ಎಲ್ಲ ವಿಮಾನಗಳಲ್ಲೂ ಇಲ್ಲ, 787-8ರಲ್ಲಂತೂ ಇಲ್ಲ. ಲುಫ್ತಾನ್ಸಾದ ಹಳೆಯ 2-2-2 ಸೀಟಿನಲ್ಲಿ ಅಕ್ಕಪಕ್ಕದವರ ಪಾದಗಳು ತುದಿಯಲ್ಲಿ ಹತ್ತಿರ ಬರುತ್ತವೆ. 2024ರಲ್ಲಿ ಬಂದ ಅದರ ಹೊಸ ವಿನ್ಯಾಸ ಅಲೆಗ್ರಿಸ್‌ನಲ್ಲಿ 2.2 ಮೀಟರ್ ಹಾಸಿಗೆಯ ಸೀಟುಗಳಿವೆ, ಅದಕ್ಕೆ ಬೇರೆ ಶುಲ್ಕ.

ಸೀಟ್ ಮ್ಯಾಪಿನಲ್ಲಿ ಕಿಟಕಿ ಕಡೆಯ ಸೀಟುಗಳು ಒಂದು ಸಾಲಿನಲ್ಲಿ ಕಿಟಕಿಗೆ ಅಂಟಿ, ಮರುಸಾಲಿನಲ್ಲಿ ದಾರಿಗೆ ಅಂಟಿ ಕಾಣುತ್ತಿದ್ದರೆ ಕಿಟಕಿಗೆ ಅಂಟಿದ್ದನ್ನೇ ಹಿಡಿಯಿರಿ. ನಡುವೆ ಮೇಜು ಬರುವುದರಿಂದ ಓಡಾಡುವವರ ಮೈಕೈ ತಾಗುವುದಿಲ್ಲ. ಹೊರಡುವ ಎರಡು ದಿನ ಮುಂಚೆ ಮ್ಯಾಪ್ ಮತ್ತೆ ತೆರೆಯಿರಿ. ವಿಮಾನ ಬದಲಾಗಿದ್ದರೆ ನಿಮ್ಮ ಸೀಟಿನ ಅಂಕಿ ಹಾಗೇ ಉಳಿದು, ಜಾಗ ಮಾತ್ರ ಶೌಚಾಲಯದ ಪಕ್ಕಕ್ಕೆ ಹೋಗಿರಬಹುದು.

ಪ್ರಶ್ನೆ: ಇಪ್ಪತ್ತೈದನೇ ಮದುವೆ ವಾರ್ಷಿಕೋತ್ಸವಕ್ಕೆ ಒಮ್ಮೆ ಫಸ್ಟ್ ಕ್ಲಾಸ್‌ನಲ್ಲಿ ಹೋಗೋಣವೆಂಬ ಆಸೆ. ಬಿಸಿನೆಸ್‌ಗಿಂತ ಅಷ್ಟು ಹೆಚ್ಚೇ?
— ಓದುಗರು, ದಾವಣಗೆರೆ

ಉತ್ತರ: ಆಸೆಗೆ ಹೋಗುವುದಾದರೆ ಖಂಡಿತ ಹೋಗಿ. ನಿದ್ದೆಗಾಗಿ ಎಂದಾದರೆ ಬೇಡ. ಬಾಗಿಲಿರುವ ಒಳ್ಳೆಯ ಬಿಸಿನೆಸ್ ಸೀಟಿನಲ್ಲೂ ಅಷ್ಟೇ ನಿದ್ದೆ ಬರುತ್ತದೆ. ಎಂಟು ಗಂಟೆಗಿಂತ ಕಡಿಮೆಯ ಹಾರಾಟಕ್ಕೆ ಮಾತ್ರ ಈ ದುಡ್ಡು ಹಾಕಬೇಡಿ, ಊಟ ಮುಗಿಸಿ ಕಾಲು ಚಾಚುವಷ್ಟರಲ್ಲಿ ಇಳಿಯಬೇಕಾಗುತ್ತದೆ.

ಪ್ರಶ್ನೆ: ನಾವು ಲಂಡನ್ ವಾಸಿಗಳು. ಇಬ್ಬರು ಮಕ್ಕಳು, 9 ಮತ್ತು 13 ವರ್ಷ. ಊರಿಗೆ ಬರಲು ಪ್ರೀಮಿಯಂ ಎಕಾನಮಿ ನೋಡಿದರೆ ತೆರಿಗೆಯೇ ವಿಪರೀತ. ತಪ್ಪಾಗಿ ಹಾಕಿದ್ದಾರೆಯೇ?
— ಓದುಗರು, ಲಂಡನ್

ಉತ್ತರ: ತಪ್ಪಲ್ಲ, ಅದು ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ. ವಿಮಾನದ ಅತಿ ಕೆಳಗಿನ ಕ್ಲಾಸಿಗೆ ಮಾತ್ರ ಕಡಿಮೆ ದರ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋದರೂ ಬಿಸಿನೆಸ್‌ನವರಷ್ಟೇ ತೆರಿಗೆ. ಭಾರತಕ್ಕೆ 2026ರ ಏಪ್ರಿಲ್‌ನಿಂದ ಎಕಾನಮಿಗೆ 102 ಪೌಂಡ್, ಮೇಲಿನ ಕ್ಲಾಸ್‌ಗಳಿಗೆ 244. ಜೊತೆಗೆ ಇನ್ನೊಂದು ಹೊಡೆತ: 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಈ ತೆರಿಗೆಯಿಲ್ಲ, ಪ್ರೀಮಿಯಂನಲ್ಲಿ ಪೂರ್ತಿ ಉಂಟು. ನಿಮ್ಮ ನಾಲ್ವರಿಗೆ ಎಕಾನಮಿಯಲ್ಲಿ 204 ಪೌಂಡ್, ಪ್ರೀಮಿಯಂನಲ್ಲಿ 976. ದರದ ವ್ಯತ್ಯಾಸ ಕೂಡಿಸುವ ಮೊದಲೇ 772 ಪೌಂಡ್ ಹೋಯಿತು.

ಈ ತೆರಿಗೆ ಬ್ರಿಟನ್ ಬಿಟ್ಟು ಹೊರಡುವಾಗ ಮಾತ್ರ. ಆದ್ದರಿಂದ ಬರುವಾಗ ಎಕಾನಮಿ, ಬೆಂಗಳೂರಿನಿಂದ ಮರಳುವಾಗ ಪ್ರೀಮಿಯಂ ಎಂದು ಹಾಕಿ ದರ ನೋಡಿ. ಭಾರತದಲ್ಲಿ ಟಿಕೆಟ್ ಕೊಳ್ಳುವವರೂ ಇಂಥದ್ದೇ ಒಂದನ್ನು ಗಮನಿಸಬೇಕು: ಎಕಾನಮಿಗೆ ಜಿಎಸ್‌ಟಿ ಶೇ 5. ಪ್ರೀಮಿಯಂ ಎಕಾನಮಿಯೂ ಸೇರಿ ಮೇಲಿನ ಕ್ಲಾಸ್‌ಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಅದಕ್ಕೆ ಮುಂಚೆ 12 ಇತ್ತು. ಹೋಲಿಸುವಾಗ ಮೂಲದರವಲ್ಲ, ಕೊನೆಯ ಮೊತ್ತ ನೋಡಿ.

ಪ್ರಶ್ನೆ: ಖಾಲಿ ಉಳಿದ ಸೀಟುಗಳಿಗೆ ವಿಮಾನ ಸಂಸ್ಥೆ ನಡೆಸುವ ಹರಾಜಿನಲ್ಲಿ ಬಿಡ್ ಹಾಕಿ ಬಿಸಿನೆಸ್‌ಗೆ ಹೋಗುವುದು ಲಾಭವೇ? ಕೊಟ್ಟ ಸೀಟನ್ನು ಕೊನೆಗಳಿಗೆಯಲ್ಲಿ ಕಿತ್ತುಕೊಂಡು ಕೆಳಗಿನ ಕ್ಲಾಸಿಗೆ ಹಾಕಿದರೆ?
— ಓದುಗರು, ಮಂಗಳೂರು

ಉತ್ತರ: ಬಿಡ್ ತಲೆಗೊಂದು, ಹಾರಾಟಕ್ಕೊಂದು, ಇಬ್ಬರಿದ್ದರೆ ಪರದೆಯ ಮೇಲಿನ ಅಂಕಿ ಎರಡು ಪಟ್ಟು. ಒಪ್ಪಿಗೆಯಾದ ಮೇಲೆ ಹಿಂದೆಗೆಯಲಾಗದು. ಬಹುತೇಕ ಕಡೆ ಲಗೇಜು ಮತ್ತು ಮೈಲ್ಸ್ (ಹಾರಾಟಕ್ಕೆ ಸಿಗುವ ಅಂಕಗಳು) ಮೂಲ ಟಿಕೆಟ್ಟಿನಂತೆಯೇ ಉಳಿಯುತ್ತವೆ. ಬಿಡ್ ಮೊತ್ತವನ್ನು ಹಾರಾಟದ ಗಂಟೆಗಳಿಂದ ಭಾಗಿಸಿ ನೋಡಿ: 60,000 ರೂಪಾಯಿಯ ಬಿಡ್ ಹತ್ತು ಗಂಟೆಯ ಹಾರಾಟಕ್ಕಾದರೆ ಗಂಟೆಗೆ 6,000 ಆಯಿತು, ನಾಲ್ಕು ಗಂಟೆಯದಕ್ಕಾದರೆ 15,000. ಹಾಗೆಯೇ ತೀರಾ ಅಗ್ಗದ ಬಿಸಿನೆಸ್ ಟಿಕೆಟ್ ಕಂಡರೆ ಷರತ್ತು ಓದಿ. ಲೌಂಜ್, ಮುಂಗಡ ಸೀಟು ಆಯ್ಕೆ ಎರಡೂ ಇಲ್ಲದ ದರಗಳಿವೆ.

ಕೆಳಗಿನ ಕ್ಲಾಸಿಗೆ ಇಳಿಸಿದರೆ ನಿಮಗೆ ಹಕ್ಕಿದೆ. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ 2023ರ ಫೆಬ್ರವರಿ 15ರಿಂದ, 3,500 ಕಿಲೋಮೀಟರ್ ಮೀರಿದ ಅಂತರರಾಷ್ಟ್ರೀಯ ಹಾರಾಟಕ್ಕೆ ತೆರಿಗೆ ಸೇರಿದ ಟಿಕೆಟ್ ಮೊತ್ತದ ಶೇ 75 ವಾಪಸ್. 1,500ರಿಂದ 3,500ರವರೆಗೆ ಶೇ 50, ಅದಕ್ಕಿಂತ ಕಡಿಮೆಗೆ ಶೇ 30. ಯುರೋಪಿನ ಕಾನೂನಿನಲ್ಲೂ 3,500 ಕಿಲೋಮೀಟರ್ ದಾಟಿದ ಹಾರಾಟಕ್ಕೆ ಆ ಹಾರಾಟದ ದರದ ಶೇ 75. ಕೌಂಟರಿನಲ್ಲಿ ವೋಚರ್ ಕೊಟ್ಟು ‘ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಬಿಸಿನೆಸ್ ಕ್ಲಾಸ್‌ನಲ್ಲೂ ಸಸ್ಯಾಹಾರ ಮೊದಲೇ ಹೇಳಬೇಕೇ?
— ಓದುಗರು, ಶಿರಸಿ

ಉತ್ತರ: ಹೇಳಲೇಬೇಕು, ಕನಿಷ್ಠ 24 ಗಂಟೆ ಮುಂಚೆ, ಕೆಲವರು 48 ಕೇಳುತ್ತಾರೆ. ಮೆನು ದೊಡ್ಡದಿದ್ದರೂ ಸಸ್ಯಾಹಾರಿ ತಟ್ಟೆಗಳು ಎಣಿಸಿದಷ್ಟೇ ಬರುತ್ತವೆ, ಹಿಂದಿನ ಸಾಲು ತಲುಪುವಷ್ಟರಲ್ಲಿ ಮುಗಿದಿರುತ್ತವೆ. ನೀವು ಆರಿಸಬೇಕಾದ್ದು ‘ಏಷ್ಯನ್ ವೆಜಿಟೇರಿಯನ್’, ಸಂಕೇತ ಎವಿಎಂಎಲ್. ಬರೀ ವಿಜಿಎಂಎಲ್ ಎಂದರೆ ಹಾಲು, ಮೊಸರೂ ಇಲ್ಲದ ಊಟ. ‘ಹಿಂದೂ ಮೀಲ್’ ಎಂಬ ಹೆಸರು ನೋಡಿ ಮೋಸ ಹೋಗುವವರು ಬಹಳ: ಅದರಲ್ಲಿ ದನದ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಬೇಡವೆನ್ನುವವರಿಗೆ ಜೈನ ಊಟ, ವಿಜೆಎಂಎಲ್. ಹೋಗುವ ಹಾರಾಟಕ್ಕೆ ಹೇಳಿದ್ದು ವಾಪಸ್ ಹಾರಾಟಕ್ಕೆ ತಾನಾಗಿ ಸೇರದಿರಬಹುದು, ಪ್ರತಿ ತುಣುಕಿನ ಮುಂದೆಯೂ ಸಂಕೇತ ಕಾಣುತ್ತಿದೆಯೇ ನೋಡಿ.