ಹಳೇ ಡೋಮ್ ಪೋರ್ಟ್ ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ನಡೆಯುತ್ತಾ?

ಫಿಲ್ಮ್ ಕಾಲದ ಅಂಡರ್‌ವಾಟರ್ ಹೌಸಿಂಗ್ (ಕ್ಯಾಮೆರಾವನ್ನು ನೀರೊಳಗೆ ಒಯ್ಯುವ ಪೆಟ್ಟಿಗೆ) ಒಂದರ ಅಕ್ರಿಲಿಕ್ ಡೋಮ್ ಪೋರ್ಟ್ (ಲೆನ್ಸ್ ಮುಂದೆ ಕೂರುವ ಗುಮ್ಮಟದಂಥ ಕಿಟಕಿ), ಜೊತೆಗೆ ಮ್ಯಾಕ್ರೋಗೆ, ಅಂದರೆ ತೀರಾ ಹತ್ತಿರದ ಫೋಟೋಗೆ, ಬಳಸುತ್ತಿದ್ದ ಫ್ಲಾಟ್ ಪೋರ್ಟ್ (ಚಪ್ಪಟೆ ಕಿಟಕಿ) ಕೈಗೆ ಸಿಕ್ಕಿವೆ ಅಂದಿದ್ದೀರಿ. ಅಡಾಪ್ಟರ್ ರಿಂಗ್ ಮಾಡಿಸಿ ಇವನ್ನು ಫುಲ್ ಫ್ರೇಮ್ ಮಿರರ್‌ಲೆಸ್ ಹೌಸಿಂಗ್‌ಗೆ ಹಾಕಬಹುದಾ, ಇಲ್ಲಾ ದುಡ್ಡು ದಂಡವಾ ಅನ್ನೋದು ನಿಮ್ಮ ಪ್ರಶ್ನೆ.

ಹಾಕಬಹುದು. ನಾನು ಹಾಕಿದ್ದೇನೆ. ಆದರೆ ನೀವು ಕೇಳಿರುವುದೆಲ್ಲ ರಿಂಗಿನ ಅಳತೆ, ಥ್ರೆಡ್ ಬಗ್ಗೆಯೇ. ಅದು ಸುಲಭದ ಕೆಲಸ. ಒಳ್ಳೇ ಲೇತ್ ಕೆಲಸದವರು ಸಿಕ್ಕರೆ ಮಾಡಿ ಕೊಡುತ್ತಾರೆ. ಎಡವುವುದು ಡೋಮ್ ಹಿಂದೆ ಲೆನ್ಸ್ ಎಲ್ಲಿ ಕೂರುತ್ತದೆ ಅನ್ನುವುದರಲ್ಲಿ.

ನನ್ನ ಮೊದಲ ಅಡಾಪ್ಟರ್ ಬಿಗಿಯಾಗಿ ಕೂತಿತ್ತು. ಒಂದು ಹನಿ ನೀರು ಒಳಗೆ ಬರಲಿಲ್ಲ. ಖುಷಿಯಿಂದ ಫೋಟೋ ತೆರೆದರೆ ನಡುವೆ ಚೆನ್ನಾಗಿದೆ, ನಾಲ್ಕೂ ಮೂಲೆ ಎಣ್ಣೆ ಸವರಿದ ಹಾಗೆ. ಡೋಮೇ ಹಾಳು ಅಂದುಕೊಂಡೆ. ಫಿಲ್ಮ್ ಕಾಲದ ಸಾಮಾನು ಡಿಜಿಟಲ್‌ಗೆ ಆಗಲ್ಲ ಅಂತ ಎತ್ತಿಟ್ಟೂ ಬಿಟ್ಟೆ. ಕಾರಣ ಹೊಳೆದಿದ್ದು ತಿಂಗಳುಗಟ್ಟಲೆ ಆದ ಮೇಲೆ. ನಾನು ಬಳಸುತ್ತಿದ್ದದ್ದು ಹಳೇ ನಿಕಾನ್ ಎಫ್ ಮೌಂಟ್ ಲೆನ್ಸ್. ಆ ಮೌಂಟ್‌ನಿಂದ, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿಯಿಂದ, ಫಿಲ್ಮ್‌ಗೆ 46.5 ಮಿ.ಮೀ. ದೂರ. ಹೊಸ ಝಡ್ ಮೌಂಟ್‌ನಲ್ಲಿ ಬರೀ 16 ಮಿ.ಮೀ. ಉಳಿದ 30.5 ಮಿ.ಮೀ. ತುಂಬಲು ಲೆನ್ಸ್ ಅಡಾಪ್ಟರ್ ಹಾಕುತ್ತೇವಲ್ಲ, ಅಷ್ಟೂ ದೂರ ಲೆನ್ಸ್ ಮುಂದಕ್ಕೆ ಹೋಗಿತ್ತು. ಹೌಸಿಂಗ್ ಮಾತ್ರ ತೆಳ್ಳಗಾಗಿತ್ತು. ನನ್ನ ಪೋರ್ಟ್ ರಿಂಗ್ 10 ಮಿ.ಮೀ. ದಪ್ಪ ಇತ್ತು. ಅಂದರೆ ಲೆನ್ಸ್ ಡೋಮ್‌ಗೆ ಸುಮಾರು 20 ಮಿ.ಮೀ. ಜಾಸ್ತಿ ಹತ್ತಿರ ಬಂದಿತ್ತು. ನಡುವೆ 20 ಮಿ.ಮೀ. ಎಕ್ಸ್‌ಟೆನ್ಷನ್ ರಿಂಗ್ ಸೇರಿಸಿದೆ. ಅದೇ ಡೋಮ್, ಅದೇ ಲೆನ್ಸ್, ಮೂಲೆಗಳು ತಿಳಿಯಾದವು.

ಕ್ಯಾನನ್‌ನ ಹಳೇ ಇಎಫ್ ಮೌಂಟ್‌ನಿಂದ ಹೊಸ ಆರ್‌ಎಫ್‌ಗೆ ಹೋದರೆ ಈ ವ್ಯತ್ಯಾಸ 24 ಮಿ.ಮೀ.

ಡೋಮ್ ಅಂದರೆ ಗೋಳದ ಒಂದು ತುಂಡು. ಆ ಗೋಳದ ನಡುಬಿಂದುವಿನಲ್ಲಿ ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್ ಇರಬೇಕು. ಲೆನ್ಸಿನ ಮುಂದಿನಿಂದ ಇಣುಕಿದಾಗ ಅಪರ್ಚರ್ (ಬೆಳಕು ಬಿಡುವ ರಂಧ್ರ) ಎಷ್ಟು ಒಳಗೆ ಇದ್ದ ಹಾಗೆ ಕಾಣುತ್ತದೋ, ಅದೇ ಜಾಗ. ಆಗ ಎಲ್ಲ ಕಡೆಯಿಂದ ಬರುವ ಬೆಳಕು ಡೋಮನ್ನು ನೇರವಾಗಿ ದಾಟುತ್ತದೆ, ಬಾಗುವುದಿಲ್ಲ.

ನಿಮ್ಮ ಡೋಮ್ ಅಳೆಯುವುದು ಹೀಗೆ. ಬಾಯಿಯ ಅಗಲ ಅಳೆಯಿರಿ. ಬಾಯಿಯ ಮಟ್ಟದಿಂದ ಗುಮ್ಮಟದ ತುದಿಗೆ ಎಷ್ಟು ಎತ್ತರ ಅಂತಲೂ ಅಳೆಯಿರಿ. ಅರ್ಧ ಅಗಲದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿ, ಎತ್ತರದ ಎರಡರಷ್ಟರಿಂದ ಭಾಗಿಸಿ. ಅಗಲ 16 ಸೆಂ.ಮೀ., ಎತ್ತರ 4 ಸೆಂ.ಮೀ. ಅಂದುಕೊಳ್ಳಿ. 64ಕ್ಕೆ 16 ಸೇರಿಸಿದರೆ 80, ಅದನ್ನು 8ರಿಂದ ಭಾಗಿಸಿದರೆ 10. ತ್ರಿಜ್ಯ 10 ಸೆಂ.ಮೀ. ಅದರಲ್ಲಿ 4 ಕಳೆದರೆ 6. ಅಂದರೆ ಡೋಮ್ ಬಾಯಿಯಿಂದ 6 ಸೆಂ.ಮೀ. ಹಿಂದೆ ಪ್ಯೂಪಿಲ್ ಬರಬೇಕು. ಸ್ಕೂಲಿನ ಲೆಕ್ಕ ಕೊನೆಗೂ ಒಂದು ಕೆಲಸಕ್ಕೆ ಬಂತು ಅಲ್ವಾ! ಜೂಮ್ ಲೆನ್ಸ್ ಆದರೆ ಜೂಮ್ ಮಾಡಿದ ಹಾಗೆ ಪ್ಯೂಪಿಲ್ ಸರಿಯುತ್ತದೆ. ಅತಿ ಅಗಲದ ನೋಟ ಕೊಡುವ ತುದಿಗೆ ಹೊಂದಿಸಿ, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಲೆಕ್ಕ ಫೋಕಸ್‌ದು. ನೀರಲ್ಲಿ ಡೋಮ್ ತಾನೇ ಒಂದು ಲೆನ್ಸ್ ಆಗಿಬಿಡುತ್ತದೆ. ಎಷ್ಟೇ ದೂರದ ವಸ್ತು ಇರಲಿ, ಅದರ ಬಿಂಬ ಡೋಮ್ ಮುಂದೆ ತ್ರಿಜ್ಯದ ಸುಮಾರು ಮೂರರಷ್ಟು ದೂರದಲ್ಲೇ ನಿಲ್ಲುತ್ತದೆ. ಮೇಲಿನ ಡೋಮ್‌ನಲ್ಲಿ ಅದು 30 ಸೆಂ.ಮೀ. ಹತ್ತಿರದ ವಸ್ತುಗಳ ಬಿಂಬ ಇನ್ನೂ ಹತ್ತಿರ ಬರುತ್ತದೆ. ಹಾಗಾಗಿ ಲೆನ್ಸ್ ಹತ್ತಿರಕ್ಕೆ ಫೋಕಸ್ ಆಗಲೇಬೇಕು. ಆಗದಿದ್ದರೆ +2 ಅಥವಾ +3 ಕ್ಲೋಸಪ್ ಫಿಲ್ಟರ್ ಹಾಕುವುದು ಹಳೇ ಉಪಾಯ. ಬಿಂಬ ಚಪ್ಪಟೆಯಾಗಿರದೆ ಬಾಗಿರುತ್ತದೆ, ಅದಕ್ಕೇ ಎಲ್ಲ ಸರಿ ಮಾಡಿದ ಮೇಲೂ ಎಫ್/8, ಎಫ್/11ರಂಥ ಕಿರಿದಾದ ಅಪರ್ಚರ್ ಬೇಕಾಗುತ್ತದೆ. ಫಿಶ್‌ಐ (ಅತಿ ಅಗಲದ ನೋಟದ) ಲೆನ್ಸ್ ಇದ್ದರೆ ಅದರಿಂದಲೇ ಶುರು ಮಾಡಿ. ಹಳೇ ಡೋಮ್‌ಗೆ ಅದರಷ್ಟು ಹೊಂದಿಕೊಳ್ಳುವ ಲೆನ್ಸ್ ನಾನು ನೋಡಿಲ್ಲ.

ಫ್ಲಾಟ್ ಪೋರ್ಟ್‌ಗೆ ಈ ರಗಳೆ ಇಲ್ಲ. ನೀರಲ್ಲಿ ವಸ್ತು ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಮ್ಯಾಕ್ರೋಗೆ ಅದು ಲಾಭವೇ. ಲೆನ್ಸ್ ಗಾಜಿಗೆ ತಾಗದೆ ಹತ್ತಿರ ಕೂತರೆ ಸಾಕು. ವೈಡ್ ಲೆನ್ಸ್ ಮಾತ್ರ ಇದರ ಹಿಂದೆ ಇಡಬೇಡಿ, ಅಂಚುಗಳು ಎಳೆದಂತಾಗಿ ಬಣ್ಣ ಒಡೆಯುತ್ತದೆ.

ಈಗ ರಿಂಗಿನ ವಿಷಯ. ಮೊದಲು ಹೌಸಿಂಗ್ ತಯಾರಕರೇ ಅಡಾಪ್ಟರ್ ಕೊಡುತ್ತಾರಾ ನೋಡಿ. ಹೌಸಿಂಗ್ ಕಂಪನಿ ನಾಟಿಕ್ಯಾಮ್‌ನ ಎನ್85, ಎನ್100, ಎನ್120 ಅನ್ನುವ ಬೇರೆಬೇರೆ ಅಳತೆಯ ಪೋರ್ಟ್‌ಗಳ ನಡುವೆ ಅಂಥವು ಸಿಗುತ್ತವೆ. ಸಿಗದಿದ್ದರೆ ಮಾತ್ರ ಮಾಡಿಸಿ. ಅನೊಡೈಸ್ ಮಾಡಿದ ಅಲ್ಯುಮಿನಿಯಂ ಅಥವಾ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಆಗಬಹುದು. 3ಡಿ ಪ್ರಿಂಟ್ ಮಾಡಿದ ರಿಂಗ್ ಅಳತೆ ನೋಡಲಿಕ್ಕೆ ಸರಿ, ನೀರಿಗಿಳಿಸಲಿಕ್ಕೆ ನಾನು ಒಪ್ಪುವುದಿಲ್ಲ. ಪದರಗಳ ಸಂದಿಯಲ್ಲಿ ನೀರು ನುಸುಳುತ್ತದೆ. ಭಾರವನ್ನೂ ಯೋಚಿಸಿ. ಪ್ರತಿ 10 ಮೀಟರ್‌ಗೆ ಒಂದು ಚದರ ಸೆಂ.ಮೀ. ಮೇಲೆ ಸುಮಾರು 1 ಕೆ.ಜಿ. ಒತ್ತಡ ಏರುತ್ತದೆ. 16 ಸೆಂ.ಮೀ. ಅಗಲದ ಡೋಮ್ ಮೇಲೆ 30 ಮೀಟರ್ ಆಳದಲ್ಲಿ 600 ಕೆ.ಜಿ. ಕೂತ ಹಾಗೆ. ಅಷ್ಟನ್ನೂ ಆ ರಿಂಗ್ ಹೊರಬೇಕು. ಪೋರ್ಟ್ ತಿರುಗಿ ಬಿಚ್ಚಿಕೊಳ್ಳದ ಹಾಗೆ ಲಾಕ್ ಕೂಡ ಇರಲಿ.

ಅಡಾಪ್ಟರ್ ಹಾಕಿದರೆ ನೀರು ಬರುವ ದಾರಿ ಒಂದರ ಬದಲು ಎರಡು. ಎರಡೂ ಕಡೆ ಹೊಸ ಓ-ರಿಂಗ್ (ನೀರು ತಡೆಯುವ ರಬ್ಬರಿನಂಥ ಬಳೆ) ಹಾಕಿ. ಹಳೆಯದು ನೋಡಲು ಚೆನ್ನಾಗಿದ್ದರೂ ವರ್ಷಗಟ್ಟಲೆ ಒತ್ತಿ ಚಪ್ಪಟೆಯಾಗಿರುತ್ತದೆ. ಸಿಲಿಕೋನ್ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಉಬ್ಬುತ್ತದೆ, ಆದ್ದರಿಂದ ರಿಂಗ್ ಯಾವುದರದ್ದು ಅಂತ ಕೇಳಿಕೊಂಡೇ ಗ್ರೀಸ್ ಕೊಳ್ಳಿ.

ಡೋಮ್ ಮೇಲಿನ ಗೀರು ನೋಡಿ ಹೆದರಬೇಡಿ. ಹೊರಗಿನ ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಂಡು ಅವು ಹೆಚ್ಚುಕಡಿಮೆ ಮಾಯವಾಗುತ್ತವೆ. ಅರ್ಧ ನೀರು ಅರ್ಧ ಆಕಾಶದ ಫೋಟೋದಲ್ಲಿ ಮಾತ್ರ ಎದ್ದು ಕಾಣುತ್ತವೆ. ಅಕ್ರಿಲಿಕ್ ಆದ್ದರಿಂದ ನುಣುಪು ಉಜ್ಜುಕಾಗದದಲ್ಲಿ ಹಂತಹಂತವಾಗಿ ಉಜ್ಜಿ ಪಾಲಿಶ್ ಮಾಡಬಹುದು. ಆಲ್ಕೋಹಾಲ್, ಗಾಜು ಒರೆಸುವ ದ್ರವ ಮಾತ್ರ ಮುಟ್ಟಿಸಬೇಡಿ. ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಂಥ ಬಿರುಕು ಈಗಾಗಲೇ ಇದ್ದರೆ, ಅದರಲ್ಲೂ ಅಂಚಿನ ಹತ್ತಿರ, ಆ ಡೋಮನ್ನು ನೀರಿಗಿಳಿಸಬೇಡಿ.

ಎಲ್ಲ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ ಎಳೆದು, ಅರ್ಧ ಗಂಟೆ ಬಿಟ್ಟು ಮೀಟರ್ ನೋಡಿ. ಮುಳ್ಳು ಅಲ್ಲಾಡಿರಬಾರದು. ಮೊದಲ ಸಲ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಕಾಗದ ಇಟ್ಟು ಮುಳುಗಿಸಿ. ಬಹಳ ಸೋರಿಕೆಗಳು ಮೇಲಿನ ಒಂದೆರಡು ಮೀಟರ್‌ನಲ್ಲೇ ಗೊತ್ತಾಗುತ್ತವೆ, ಯಾಕಂದರೆ ಒತ್ತಡ ಇನ್ನೂ ಸೀಲನ್ನು ಬಿಗಿ ಮಾಡಿರುವುದಿಲ್ಲ. ಆಮೇಲೆ ಆಳಕ್ಕೂ ಇಳಿಸಿ ನೋಡಿ.

ಡೋಮ್‌ನ ಅಗಲ, ಎತ್ತರ, ಲೆನ್ಸಿನ ಹೆಸರು ಇಲ್ಲೇ ಕಮೆಂಟಿನಲ್ಲಿ ಹಾಕಿ. ಎಷ್ಟು ಉದ್ದದ ರಿಂಗ್ ಬೇಕಾಗಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಲೇತ್‌ನವರಿಗೆ ಅಡ್ವಾನ್ಸ್ ಕೊಡಬೇಡಿ.