ಸರ್ಕಾರದ ನಿಯಮಗಳು ಜಾಸ್ತಿ ಆದವೋ, ಪಾಲಿಸುವವರು ಕಡಿಮೆ ಆದರೋ? ಸರಿಪಡಿಸುವುದು ಎಲ್ಲಿಂದ ಶುರು ಮಾಡಬೇಕು?

ನಿಯಮ ಜಾಸ್ತಿ ಆಯ್ತು ಅಂತ ವ್ಯಾಪಾರಿಗಳು ಹೇಳ್ತಾರೆ, ಯಾರೂ ಪಾಲಿಸಲ್ಲ ಅಂತ ಅಧಿಕಾರಿಗಳು ಹೇಳ್ತಾರೆ, ಇದರಲ್ಲಿ ಯಾರ ಮಾತು ಸರಿ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವವನು. ಜಿಎಸ್‌ಟಿ ಫೈಲ್ ಮಾಡುವುದು, ಆಹಾರ ನೋಂದಣಿ ಮಾಡಿಸುವುದು, ಟ್ರೇಡ್ ಲೈಸೆನ್ಸ್ ನವೀಕರಿಸುವುದು, ಇದೇ ನನ್ನ ಅನ್ನ. ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿಯಮಗಳು ಓದಿದ ಕೂಡಲೇ ಅರ್ಥ ಆಗುವಂತಿದ್ದರೆ ನನಗೆ ಅರ್ಧಕ್ಕರ್ಧ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಇಷ್ಟು. ನಮ್ಮಲ್ಲಿ ನಿಯಮ ಹೋಗಿ ಬೀಳುವುದು ಸುಲಭವಾಗಿ ಕೈಗೆ ಸಿಗುವವರ ಮೇಲೆ. ನಷ್ಟ ದೊಡ್ಡದಾಗಿ ಆಗುವ ಜಾಗದಲ್ಲಿ ಅದರ ಸುಳಿವೇ ಇರುವುದಿಲ್ಲ. ಒಂದು ಚಕ್ಕುಲಿ ಪ್ಯಾಕೆಟ್, ಒಂದು ಆಲೂಗಡ್ಡೆ ಚೀಲ, ಇವೆರಡನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲು ಚಕ್ಕುಲಿ. ನನ್ನ ಹತ್ತಿರ ಬರುವ ಒಬ್ಬ ಅಕ್ಕ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಐದಾರು ಅಂಗಡಿಗಳಿಗೆ ಹಾಕುತ್ತಾರೆ. ಸಂಘದ ಸಾಲದಲ್ಲಿ ಶುರು ಮಾಡಿದ ಕೆಲಸ. ಆಹಾರ ನೋಂದಣಿ ಸಲೀಸಾಗಿ ಆಯಿತು. ವರ್ಷಕ್ಕೆ 100 ರೂಪಾಯಿ ಶುಲ್ಕ, ಆನ್‌ಲೈನ್ ಅರ್ಜಿ, 14 ಅಂಕಿಯ ನಂಬರ್ ಬಂತು. ಅದನ್ನು ಹಿಡಿದುಕೊಂಡು ಖುಷಿಯಿಂದ ಪ್ರೆಸ್‌ಗೆ ಹೋಗಿ ಲೇಬಲ್ ಅಚ್ಚು ಹಾಕಿಸಿಕೊಂಡು ಬಂದರು. ಎಲ್ಲವೂ ಅಚ್ಚಗನ್ನಡ. ಮಾಡಿದ ದಿನ, ತೂಕ, ಬೆಲೆ, ಅಕ್ಕಿ ಹಿಟ್ಟು, ಎಳ್ಳು, ಓಂಕಾಳು.

ನಾನು ನೋಡಿ ತಲೆ ಚಚ್ಚಿಕೊಂಡೆ. ಪ್ಯಾಕೆಟ್ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಇರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುವುದೂ ಇದನ್ನೇ, 2020ರ ಆಹಾರ ಲೇಬಲ್ ನಿಯಮ ಹೇಳುವುದೂ ಇದನ್ನೇ. ಬೇರೆ ಭಾಷೆ ಜೊತೆಗೆ ಹಾಕಿಕೊಳ್ಳಬಹುದು ಅಷ್ಟೆ. ಅಂದರೆ ಹಾಸನದಲ್ಲಿ ಮಾಡಿ, ಹಾಸನದಲ್ಲೇ ಮಾರಿ, ಹಾಸನದವರೇ ತಿನ್ನುವ ಚಕ್ಕುಲಿಗೆ ಬರೀ ಕನ್ನಡದ ಲೇಬಲ್ ನಡೆಯಲ್ಲ. ಅತ್ತ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಂತ ರಾಜ್ಯದ ಕಾಯ್ದೆ. ಅದು ಸರಿಯಾಗಿಯೇ ಇದೆ. ಆದರೆ ಬೋರ್ಡಿನ ಕೆಳಗೆ ಕೂತಿರುವ ಪ್ಯಾಕೆಟ್‌ನಲ್ಲಿ ಏನಿದೆ ಅಂತ ಓದಿಕೊಳ್ಳಬೇಕಾದ ಅಜ್ಜಿಯ ಕಥೆ ಯಾರಿಗೂ ಬೇಡ ಅಲ್ವಾ?

ಎರಡನೇ ಸಲ ಅಚ್ಚು ಹಾಕಿಸಿದರು. ಈ ಸಲ ಎರಡೂ ಭಾಷೆ. ಹಸಿರು ಚುಕ್ಕೆ, ಬ್ಯಾಚ್ ನಂಬರ್, ಎಲ್ಲ ತೆರಿಗೆ ಸೇರಿದ ಬೆಲೆ, ಪೂರ್ತಿ ವಿಳಾಸ. ಜೊತೆಗೆ ಪ್ರತಿ ಗ್ರಾಂ ಬೆಲೆ. 200 ಗ್ರಾಂ ಪ್ಯಾಕೆಟ್‌ಗೆ 70 ರೂಪಾಯಿ, ಹಾಗಾಗಿ ಗ್ರಾಂಗೆ 35 ಪೈಸೆ. "ಏನಣ್ಣ ಇದು, ನಮ್ಮೂರಲ್ಲಿ ಯಾರು ಚಕ್ಕುಲೀನ ಗ್ರಾಂ ಲೆಕ್ಕದಲ್ಲಿ ಕೇಳ್ತಾರೆ?" ಅಂದರು. ನಗು ಬಂತು. ಆದರೆ ಇದರ ಹಿಂದೆ ಒಂದು ಕಾರಣ ಇದೆ. ಮೊದಲು ಕಾಫಿ, ಟೀ, ಬಿಸ್ಕತ್ತಿನಂಥ ಕೆಲವು ಸಾಮಾನುಗಳನ್ನು ಗೊತ್ತು ಮಾಡಿದ ತೂಕಗಳಲ್ಲೇ ಪ್ಯಾಕ್ ಮಾಡಬೇಕಿತ್ತು. ಆ ಪಟ್ಟಿಯನ್ನು 2022ರಲ್ಲಿ ಕೈಬಿಟ್ಟರು. ಇನ್ನು 90 ಗ್ರಾಂ, 110 ಗ್ರಾಂ ಅಂತ ಯಾರು ಹೇಗೆ ಬೇಕಾದರೂ ಕಟ್ಟಬಹುದು. ಆಗ ಯಾವುದು ಅಗ್ಗ, ಯಾವುದು ದುಬಾರಿ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಗ್ರಾಂ ಬೆಲೆ. ಸೋಪು ಕೊಳ್ಳುವವರಿಗೆ ನಿಜಕ್ಕೂ ಉಪಯೋಗ ಇದೆ. ಇದನ್ನು ನಾನು ಹೇಳಿದ ಮೇಲೆ ಅಕ್ಕ ಮತ್ತೆ ಗೊಣಗಲಿಲ್ಲ. ಯಾಕೆ ಅಂತ ಗೊತ್ತಾದ ನಿಯಮವನ್ನು ಜನ ಅರ್ಧ ಮನಸ್ಸಿನಿಂದಲಾದರೂ ಪಾಲಿಸುತ್ತಾರೆ.

ಇಷ್ಟೆಲ್ಲ ಆದಮೇಲೂ ಒಂದು ತಪ್ಪು ಉಳಿದುಹೋಗಿತ್ತು. ಗ್ರಾಹಕರು ದೂರು ಹೇಳಲು ಫೋನ್ ನಂಬರ್, ಇಮೇಲ್ ಹಾಕಬೇಕಿತ್ತು, ಹಾಕಿರಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ. ತಪಾಸಣೆಗೆ ಬಂದವರ ಕಣ್ಣಿಗೆ ಬಿತ್ತು. ಬಂದವರು ಸಭ್ಯರೇ, ಕಾಯ್ದೆಯಲ್ಲಿ ಇದ್ದದ್ದನ್ನೇ ಮಾಡಿದರು. ಆದರೆ ಕಾಯ್ದೆಯಲ್ಲಿ ಏನಿದೆ ನೋಡಿ. ತೂಕ, ಅಳತೆಗೆ ಸಂಬಂಧಿಸಿದ 2009ರ ಕಾನೂನು ಮಾಪನ ಕಾಯ್ದೆ ಬರೆದಿರುವ ಪ್ರಕಾರ ಪ್ಯಾಕೆಟ್ ಮೇಲಿನ ವಿವರ ಸರಿಯಿಲ್ಲದಿದ್ದರೆ ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ. ಕೋರ್ಟಿಗೆ ಹೋಗದೆ ರಾಜಿ ಶುಲ್ಕ ಕಟ್ಟಿ ಮುಗಿಸಿಕೊಳ್ಳಬಹುದು, ಅಕ್ಕನೂ ಹಾಗೇ ಮಾಡಿದರು. ಎರಡು ತಿಂಗಳ ಲಾಭ ಹೋಯಿತು. ಮೂರನೇ ಸಲ ಲೇಬಲ್ ಅಚ್ಚಾಯಿತು.

ಇದೇ ಪ್ಯಾಕೆಟ್‌ಗೆ ಇನ್ನೊಂದು ಕಾಯ್ದೆಯೂ ಇದೆಯಲ್ಲ, 2006ರ ಆಹಾರ ಸುರಕ್ಷತೆ ಕಾಯ್ದೆ, ಅದರ 32ನೇ ಕಲಂನಲ್ಲಿ ಸುಧಾರಣಾ ನೋಟೀಸು ಅಂತ ಒಂದು ದಾರಿ ಇದೆ. ಏನು ತಪ್ಪಾಗಿದೆ, ಹೇಗೆ ಸರಿಮಾಡಬೇಕು ಅಂತ ಬರೆದು ಕೊಟ್ಟು, ಕನಿಷ್ಠ 14 ದಿನ ಟೈಮ್ ಕೊಡಬೇಕು. ಮಾಡದಿದ್ದರೆ ಆಮೇಲೆ ಕ್ರಮ. ಸುಧಾರಣೆ ಅಂದರೆ ನನಗೆ ಮೊದಲು ನೆನಪಾಗುವುದು ಇದು. ಯಾರಿಗೂ ಹೊಟ್ಟೆ ಕೆಡಿಸದ, ತೂಕದಲ್ಲಿ ಮೋಸ ಇಲ್ಲದ ತಪ್ಪುಗಳಿಗೆ ಮೊದಲ ಸಲ 14 ದಿನ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಅದರ ಜೊತೆಗೆ ಎಲ್ಲ ಇಲಾಖೆಯವರೂ ಒಪ್ಪಿದ ಒಂದು ಮಾದರಿ ಲೇಬಲ್ ಕನ್ನಡದಲ್ಲಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಒಂದು ಹಾಳೆ ಸಾಕು.

2023ರಲ್ಲಿ ಜನ ವಿಶ್ವಾಸ್ ಕಾಯ್ದೆ ಬಂದು 42 ಕಾಯ್ದೆಗಳ 183 ಕಲಂಗಳಲ್ಲಿ ಶಿಕ್ಷೆಯನ್ನು ಹಗುರ ಮಾಡಿತು ಅಂತ ನೀವು ಕೇಳಿರಬಹುದು. ಒಳ್ಳೆಯದೇ. ಆದರೆ ಅಕ್ಕನಿಗೆ ಇದ್ದದ್ದು ಜೈಲಿನ ಭಯ ಅಲ್ಲ, ಆ 25,000ದ ಭಯ.

ಹಾಗಂತ ನಿಯಮವೇ ಬೇಡ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು ಅಂದಾಗ ನನ್ನ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಸಂತೆಯಲ್ಲಿ ಒಂದು ಕಿಲೋ ಶುಂಠಿ ತಂದು ಮನೆಯಲ್ಲಿ ತೂಗಿದರೆ 850 ಗ್ರಾಂ ಬಂದ ದಿನ ಅವರೇ ಬೈಯುತ್ತಾರೆ.

ಈಗ ಆಲೂಗಡ್ಡೆ. ಹಾಸನದ ಆಲೂಗಡ್ಡೆ ಗೊತ್ತಲ್ಲ. ನಮ್ಮಲ್ಲಿ ಬಿತ್ತುವ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ಬೇಸಿಗೆ ಮುಗಿಯುವ ಹೊತ್ತಿಗೆ ಎಪಿಎಂಸಿಯಲ್ಲಿ ಮಾರುತ್ತಾರೆ. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಹದಕ್ಕೆ ಬಂತು ಅಂದರೆ ರೈತ ಕಾಯುವುದಿಲ್ಲ, ಕಾಯಲೂ ಆಗುವುದಿಲ್ಲ. ಎಕರೆಗೆ 50 ಕಿಲೋದ ಹದಿನೈದು ಚೀಲ ಹತ್ತಿರಹತ್ತಿರ ಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಬೀಜದ್ದೇ.

ನಮ್ಮ ಭಾವ ಒಂದು ವರ್ಷ ಎರಡು ಎಕರೆಗೆ ತಂದು ಹಾಕಿದರು. ಕಾಲು ಭಾಗ ಗಡ್ಡೆ ಮಣ್ಣಿನಲ್ಲೇ ಕೊಳೆಯಿತು. ಮೊಳೆತ ಗಿಡಕ್ಕೆ ಅಂಗಮಾರಿ ಬಂತು. ಮಾರಿದವನನ್ನು ಕೇಳಿದರೆ "ಮಳೆ ಜಾಸ್ತಿ ಆಯ್ತು ಗೌಡ್ರೆ" ಅಂದ. ಮಳೆ ಜಾಸ್ತಿ ಆಗಿದ್ದೂ ನಿಜ. ಮೋಡ ಮುಚ್ಚಿದ ತಂಪು ಹವೆಯಲ್ಲಿ ಅಂಗಮಾರಿ ಒಳ್ಳೆ ಬೀಜದ ಬೆಳೆಗೂ ಬರುತ್ತದೆ. ಹಾಗಾದರೆ ತಪ್ಪು ಬೀಜದ್ದೋ, ಮಳೆಯದ್ದೋ? ಹೇಳಲು ಏನೂ ದಾಖಲೆ ಇರಲಿಲ್ಲ. ಬಿಲ್ ಇಲ್ಲ, ಬರೀ ಚೀಟಿ. ಚೀಲದ ಮೇಲೆ ಇದ್ದದ್ದು ಯಾವುದೋ ಹೆಸರಿನ ಅಚ್ಚು. ಚಕ್ಕುಲಿ ಪ್ಯಾಕೆಟ್‌ನಲ್ಲಿ ಇರುವುದರ ಹತ್ತನೇ ಒಂದು ಭಾಗ ಮಾಹಿತಿಯೂ ಆ ಚೀಲದ ಮೇಲೆ ಇರಲಿಲ್ಲ.

ಕಾಯ್ದೆ ಇಲ್ಲ ಅಂತಲ್ಲ. 1966ರ ಬೀಜ ಕಾಯ್ದೆಯಲ್ಲಿ ಗಡ್ಡೆಯೂ ಬೀಜವೇ. ಆದರೆ ಆ ಕಾಯ್ದೆಯಲ್ಲಿ ಬೀಜ ಪ್ರಮಾಣೀಕರಣ ಇಷ್ಟ ಇದ್ದವರಿಗೆ ಮಾತ್ರ, ಕಡ್ಡಾಯ ಅಲ್ಲ. ಕಡ್ಡಾಯ ಇರುವುದು ಅಧಿಸೂಚಿತ ತಳಿಗಳಿಗೆ ಲೇಬಲ್. ಅದನ್ನೂ ಮೀರಿದರೆ? ಮೊದಲ ತಪ್ಪಿಗೆ ಕಾಯ್ದೆ ಬರೆದ ದಂಡ 500 ರೂಪಾಯಿವರೆಗೆ. ಇನ್ನೊಮ್ಮೆ ಓದಿ. ಚಕ್ಕುಲಿ ಪ್ಯಾಕೆಟ್‌ನಲ್ಲಿ ಫೋನ್ ನಂಬರ್ ಇಲ್ಲದ್ದಕ್ಕೆ 25,000ದವರೆಗೆ, ಬೀಜದ ಚೀಲಕ್ಕೆ 500ರವರೆಗೆ. 1983ರ ಬೀಜ ನಿಯಂತ್ರಣ ಆದೇಶದಲ್ಲಿ ಮಾರುವವರ ಲೈಸೆನ್ಸ್ ರದ್ದು ಮಾಡುವ ಅಧಿಕಾರ ಇದೆ, ಅದನ್ನೂ ಹೇಳಬೇಕು. ಆದರೆ ಲೈಸೆನ್ಸ್ ರದ್ದಾದರೆ ಭಾವನ ಎರಡು ಎಕರೆ ವಾಪಸ್ ಬರುವುದಿಲ್ಲ. ಪರಿಹಾರ ಬೇಕಾದರೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೋಗಲು ಬಿಲ್ ಬೇಕಲ್ಲ.

ಇಲ್ಲಿ ತಪಾಸಣೆ ಯಾವಾಗ ಅನ್ನುವುದೇ ಮುಖ್ಯ. ಚಕ್ಕುಲಿಯನ್ನು ವರ್ಷದಲ್ಲಿ ಯಾವಾಗ ಬೇಕಾದರೂ ನೋಡಬಹುದು. ಬಿತ್ತನೆ ಗಡ್ಡೆಯ ಮಾರಾಟ ಕೆಲವೇ ವಾರಗಳ ವ್ಯವಹಾರ. ಬೆಳೆ ಹೋದಮೇಲೆ ವರದಿ ಕೇಳಿ ಏನು ಪ್ರಯೋಜನ? ಮಾರಾಟ ಶುರುವಾಗುವ ಮೊದಲೇ ಕೋಲ್ಡ್ ಸ್ಟೋರೇಜ್ ಬಾಗಿಲಲ್ಲಿ ಚೀಲ ಸುರಿದು ನೋಡಬೇಕು, ಯಾವ ಸರಕಿನ ಚೀಲ ಅಂತ ಗುರುತು ಹೇಳುವ ಲಾಟ್ ನಂಬರ್ ಹಾಕಬೇಕು, ಆ ನಂಬರ್ ಇರುವ ಬಿಲ್ ಇಲ್ಲದೆ ಚೀಲ ಯಾರ್ಡಿನಿಂದ ಆಚೆ ಹೋಗಬಾರದು. ಚಕ್ಕುಲಿ ಲೇಬಲ್ ನೋಡುವ ಕಣ್ಣುಗಳು ಆ ಕೆಲವು ವಾರ ಅಲ್ಲಿರಲಿ. ಸಿಬ್ಬಂದಿ ಸಾಲಲ್ಲ ಅನ್ನುವುದು ನಿಜ. ಸಾಲದು ಅಂತಲೇ ಅವರನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದು ದೊಡ್ಡ ಪ್ರಶ್ನೆ ಆಗಬೇಕು.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ.

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಹೋದವು. ಸರಕು ಮಾರುವವರಿಗೆ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನುವುದು ಹಳೇ ನಿಯಮವೇ. ಆದರೆ ನೋಟೀಸಿನಲ್ಲಿ 2021-22ರಿಂದ ಲೆಕ್ಕ ಕೇಳಿದ್ದರು. ನನ್ನ ಗಿರಾಕಿಗಳಲ್ಲಿ ಯಾರಿಗೂ ಬರಲಿಲ್ಲ, ಆದರೂ ಆ ವಾರ ಫೋನ್ ಕೆಳಗಿಡಲು ಆಗಲಿಲ್ಲ. ಒಬ್ಬ ಟೀ ಅಂಗಡಿಯವನು ಕ್ಯೂಆರ್ ಸ್ಟಿಕ್ಕರ್ ಕಿತ್ತೇ ಬಿಟ್ಟ. ಅವನ ವಹಿವಾಟು ಮಿತಿಯ ಹತ್ತಿರಕ್ಕೂ ಇಲ್ಲ. ಕೊನೆಗೆ ಹಾಲು, ತರಕಾರಿಯಂಥ ವಿನಾಯಿತಿ ಸರಕಿಗೆ ತೆರಿಗೆ ಇಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಅಂತ ಸರ್ಕಾರ ಹೇಳಿ ಸಮಾಧಾನ ಮಾಡಬೇಕಾಯಿತು. ಮಿತಿ ದಾಟಿದ ಮೊದಲ ವರ್ಷವೇ "ನೀವು ಮಿತಿ ದಾಟಿದಂತಿದೆ, ನೋಡಿಕೊಳ್ಳಿ" ಅಂತ ಒಂದು ಎಸ್ಎಂಎಸ್ ಹೋಗಿದ್ದರೆ ಮುಗಿಯುತ್ತಿತ್ತು. ತೆರಿಗೆಯನ್ನೂ ಕಟ್ಟುತ್ತಿದ್ದರು, ಸ್ಟಿಕ್ಕರೂ ಉಳಿಯುತ್ತಿತ್ತು.

ಇನ್ನೊಂದು, ನಿಯಮಕ್ಕೂ ಒಂದು ವಯಸ್ಸು ಇರಬೇಕು. ನಮ್ಮ ತಾತನದು ಸಕಲೇಶಪುರದ ಕಡೆ ಮೂರು ಎಕರೆ ಕಾಫಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಲೆ ಬಿದ್ದಾಗ, 1942ರ ಕಾಯ್ದೆ ಬಂತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದನ್ನೂ ಸೇರಿಸಿ ಮಂಡಳಿಯೇ ಮಾರುವ ರಾಶಿಗೆ ಹಾಕಬೇಕು. ಮನೆ ಖರ್ಚಿಗೆ, ಬೀಜಕ್ಕೆ ಬಿಟ್ಟು ಒಂದು ಸೇರನ್ನೂ ತಾನೇ ಮಾರುವ ಹಾಗಿಲ್ಲ. ದುಡ್ಡು ಕಂತುಕಂತಾಗಿ ಬರುವುದು. ಆ ಹೊತ್ತಿಗೆ ಅದು ಬೆಳೆಗಾರರನ್ನು ಉಳಿಸಿತು, ಸುಳ್ಳು ಹೇಳಬಾರದು. ಆದರೆ ಯುದ್ಧ ಮುಗಿದು ಅರ್ಧ ಶತಮಾನ ಆದರೂ ಪೂಲ್ ಇತ್ತು. ಸಣ್ಣ ಬೆಳೆಗಾರರಿಗೆ ಮೊದಲು ಬಿಟ್ಟು, ಪೂರ್ತಿ ಮುಕ್ತ ಮಾಡಿದ್ದು 1996ರಲ್ಲಿ. ತಾತ ತನ್ನ ತೋಟದ ಕಾಫಿಯನ್ನು ತಾನೇ ಬೆಲೆ ಮಾತಾಡಿ ಮಾರಿದ್ದು ಕೊನೆಗಾಲದ ಎರಡೇ ವರ್ಷ. ಹತ್ತು ವರ್ಷಕ್ಕೊಮ್ಮೆ "ಇದು ಇನ್ನೂ ಬೇಕಾ" ಅಂತ ಕೇಳುವ ಒಂದು ಸಾಲು ಕಾಯ್ದೆಯಲ್ಲೇ ಇದ್ದಿದ್ದರೆ ಅಷ್ಟು ಹೊತ್ತು ಆಗುತ್ತಿರಲಿಲ್ಲ ಅನಿಸುತ್ತದೆ.

ಸರ್ಕಾರಿ ಸೇವೆ ಇಂತಿಷ್ಟು ದಿನದಲ್ಲಿ ಸಿಗಬೇಕು ಅನ್ನುವ ರಾಜ್ಯದ 'ಸಕಾಲ' ವ್ಯವಸ್ಥೆಯ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. 2012ರಿಂದ ಇದೆ. ಅರ್ಜಿಗೆ ನಂಬರ್ ಸಿಗುತ್ತದೆ, ದಿನ ಗೊತ್ತಿರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಆ ಪರಿಹಾರ ಕೇಳಿದವರನ್ನು ನಾನು ಕಂಡಿಲ್ಲ, ಮತ್ತೆ ಅದೇ ಕೌಂಟರಿಗೆ ಹೋಗಬೇಕಲ್ಲ! ಆದರೆ ಆ ನಂಬರ್ ಇದೆಯಲ್ಲ, ಅದರಿಂದ ಬಹಳ ಬದಲಾಯಿತು. ಉಳಿದಿರುವ ಕೊರತೆ ಒಂದೇ. ಗಡುವಿನ ಹಿಂದಿನ ದಿನ "ಇನ್ನೊಂದು ದಾಖಲೆ ಬೇಕು" ಅಂತ ಅರ್ಜಿ ವಾಪಸ್ ಬರುತ್ತದೆ. ಅದನ್ನು ಕೊಟ್ಟರೆ ಮತ್ತೊಂದು. ಆಕ್ಷೇಪಣೆ ಏನಿದ್ದರೂ ಮೊದಲ ವಾರದಲ್ಲಿ, ಒಂದೇ ಸಲ, ಬರೆದು ಕೊಡಬೇಕು ಅಂತ ಮಾಡಿದರೆ ಸಾಕು. ನನ್ನಂಥವರ ಸಂಪಾದನೆ ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಭಾವ ಮಾತ್ರ ಆಲೂಗಡ್ಡೆ ಬಿಟ್ಟಿಲ್ಲ. ಎರಡು ಎಕರೆ ಇದ್ದದ್ದು ಅರ್ಧ ಎಕರೆ ಆಗಿದೆ, ಉಳಿದದ್ದು ಜೋಳ. ಈ ಸಲ ಬೀಜಕ್ಕೆ ಹೋದಾಗ ನಾನು ಹೇಳಿಕೊಟ್ಟ ಹಾಗೆ ಬಿಲ್ ಕೇಳಿದರು. ಮೊದಲನೆಯವನು "ಬಿಲ್ ಬೇಕಾ, ಹಾಗಾದ್ರೆ ಮುಂದಕ್ಕೆ ಹೋಗಿ" ಅಂದ. ಎರಡನೆಯವನೂ ಅದನ್ನೇ ಅಂದ. ಮೂರನೆಯ ಕಡೆ ಬಿಲ್ ಸಿಕ್ಕಿತು. ಮನೆಗೆ ಬಂದು ತೋರಿಸಿದರು. ಹೆಸರು, ತೂಕ, ಮೊತ್ತ ಎಲ್ಲ ಬರೆದಿತ್ತು. ಲಾಟ್ ನಂಬರ್ ಅನ್ನುವ ಜಾಗದಲ್ಲಿ ಒಂದು ಅಡ್ಡ ಗೆರೆ.